ತಮ್ಮನ ಅರ್ಧ ಗಂಟೆ

ನನ್ನ ತಮ್ಮ ಓಡುತ್ತಿದ್ದ. ಹೀಗೆಂದರೆ ಕೇಳಿದವರು, ಯಾರಿಗೆ ಹೆದರಿ ಓಡುತ್ತಿದ್ದ, ಏನು ಕದ್ದಿದ್ದ ಎಂದು ಕೇಳುತ್ತಾರೆ. ಯಾರ ಮನೆಯದೂ ಕದ್ದಿರಲಿಲ್ಲ. ನಲವತ್ತನಾಲ್ಕು ವರ್ಷದ, ಹೊಟ್ಟೆ ಬಂದ, ಮಾತು ಕಡಿಮೆ ಕೋಪ ಜಾಸ್ತಿಯ ಮನುಷ್ಯ ಬೆಳಗ್ಗೆ ಎದ್ದು ಬೂಟು ಕಟ್ಟಿಕೊಂಡು ಮೊದಮೊದಲು ನೀರಿನ ಟ್ಯಾಂಕಿನವರೆಗೆ, ಆಮೇಲಾಮೇಲೆ ಹಳೇ ಸೇತುವೆಯವರೆಗೆ ಓಡಿ ಬರುತ್ತಿದ್ದ, ಅಷ್ಟೇ. ಆದರೆ ಅದಕ್ಕೆ ಬೇಕಾದ ಅರ್ಧ ಗಂಟೆ ಅವನ ದಿನದಲ್ಲಿ ಇರಲಿಲ್ಲ. ಇಲ್ಲದ್ದನ್ನು ಎಲ್ಲಿಂದಲಾದರೂ ತರಬೇಕಲ್ಲ. ಎಲ್ಲಿಂದ ತಂದ ಎನ್ನುವುದನ್ನು ಹೇಳಬೇಕೆಂದೇ ಕೂತಿದ್ದೇನೆ. ನಾನು ಅವನ ಅಕ್ಕ, ಎಂಟು ವರ್ಷ ದೊಡ್ಡವಳು. ಅವನ ಮನೆಯ ಮೇಲಿನ ಒಂದೇ ಕೋಣೆಯಲ್ಲಿ ಹೊಲಿಗೆ ಮಷೀನಿನ ಜೊತೆ ಸಂಸಾರ ಮಾಡುವವಳು. ನನ್ನ ನಾಲಿಗೆ ಸ್ವಲ್ಪ ಉದ್ದ ಎಂದು ಬೀದಿಯಲ್ಲಿ ಹೆಸರಿದೆ. ಇರಲಿ.

ತಮ್ಮ ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಆಪರೇಟರು. ನಾಲ್ಕು ಮೋಟಾರು, ಒಂದು ಗೋಡೆ ತುಂಬ ಮೀಟರು, ಕಿವಿ ತೂತು ಬೀಳುವಂಥ ಗದ್ದಲ. ಗಂಟೆಗೊಮ್ಮೆ ಮೀಟರು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು: ಒತ್ತಡ ಎಷ್ಟು, ಟ್ಯಾಂಕಿನಲ್ಲಿ ನೀರಿನ ಮಟ್ಟ ಎಷ್ಟು, ಮೋಟಾರು ಬಿಸಿಯಾಗಿದೆಯೋ ಇಲ್ಲವೋ. ಒಮ್ಮೆ ಅವನು ಊಟದ ಡಬ್ಬಿ ಮರೆತು ಹೋಗಿದ್ದಾಗ ಕೊಟ್ಟು ಬರಲು ನಾನೇ ಹೋಗಿದ್ದೆ. ಆಗಿನ್ನೂ ಬೆಳಗ್ಗೆ ಏಳು ಗಂಟೆ. ನೋಡಿದರೆ ಮಧ್ಯಾಹ್ನ ಎರಡರ ಸಾಲಿನವರೆಗೂ ಬರೆದು ಮುಗಿಸಿದ್ದಾನೆ, ಮುತ್ತು ಪೋಣಿಸಿದ ಹಾಗೆ.

"ಏನೋ ಇದು? ಇನ್ನೂ ಬರದೇ ಇರೋ ಗಂಟೆಗಳಿಗೂ ಬರೆದುಬಿಟ್ಟಿದೀಯ. ಭವಿಷ್ಯ ಹೇಳೋಕೆ ಕಲ್ತ್ಯಾ?"

"ಅಯ್ಯೋ ಅಕ್ಕ, ಒತ್ತಡ ಯಾವಾಗ್ಲೂ ಅಷ್ಟೇ ಇರುತ್ತೆ. ಸಾಲು ಖಾಲಿ ಬಿಟ್ರೆ ಮೆಮೋ ಕೊಡ್ತಾರೆ. ತುಂಬಿಸಿಟ್ರೆ ಯಾರೂ ಓದಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೋಟಾರ್ ಸದ್ದಲ್ಲೇ ಗೊತ್ತಾಗುತ್ತೆ ಬಿಡು."

ಅಲ್ಲಿ ಮೂರು ಪಾಳಿಯವರೂ ಹಾಗೇ ಮಾಡುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರವೇ ಹಿರಿಯರು ಕಿರಿಯರಿಗೆ ಅದನ್ನು ಕಲಿಸುತ್ತಿದ್ದರಂತೆ. ತಮ್ಮನ ಕೈಕೆಳಗೆ ಇಪ್ಪತ್ತು ವರ್ಷದಲ್ಲಿ ಒಂದು ಮೋಟಾರೂ ಸುಟ್ಟಿರಲಿಲ್ಲ. ನಾನೂ ನಕ್ಕು ಡಬ್ಬಿ ಕೊಟ್ಟು ಬಂದೆ.

ಅವನ ಹೆಂಡತಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಗಿರಾಕಿಯ ಮುಖ ನೋಡಿಯೇ ಇವರು ಕೊಳ್ಳುವವರೋ ಹೊತ್ತು ಕಳೆಯಲು ಬಂದವರೋ ಎಂದು ಹೇಳುವಷ್ಟು ಚುರುಕು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತೆತ್ತುತ್ತಿರಲಿಲ್ಲ, ನಾನೂ ಕೆದಕಲಿಲ್ಲ. ಒಂದು ದಿನ ಕಪಾಟಿನ ಮೇಲಿನ ಖಾನೆಯಿಂದ ಪರದೆ ಬಟ್ಟೆಯ ಥಾನು ಇಳಿಸಲು ಏಣಿ ಹತ್ತಿದವಳು ಥಾನಿನ ಸಮೇತ ಕೆಳಕ್ಕೆ ಬಿದ್ದಳು. ಬೆನ್ನುಮೂಳೆಗೆ ಪೆಟ್ಟು. ಸೊಂಟದಿಂದ ಕೆಳಗೆ ಸೂಜಿ ಚುಚ್ಚಿದರೂ ತಿಳಿಯದಂತಾಯಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಕಣ್ಣು, ಕಿವಿ, ಮೂಗು ಮಾತ್ರ ಮೊದಲಿಗಿಂತ ಚುರುಕಾದವು. ಮಲಗಿದಲ್ಲಿಂದಲೇ ಅನ್ನದ ಪಾತ್ರೆಯ ತಳ ಹಿಡಿಯುವುದನ್ನು ನನಗಿಂತ ಮೊದಲು ಹೇಳುತ್ತಿದ್ದಳು.

ತಿಂಗಳಿಗೊಮ್ಮೆ ಆಸ್ಪತ್ರೆಯಿಂದ ನರ್ಸಮ್ಮ ಬರುತ್ತಿದ್ದಳು. ಏನೇನು ಮಾಡಬೇಕೆಂದು ಕಲಿಸಿಕೊಟ್ಟವಳು ಅವಳೇ. ಹಗಲು ಎರಡು ಗಂಟೆಗೊಮ್ಮೆ, ರಾತ್ರಿ ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ದಿನಕ್ಕೊಂದು ಸಲ, ಬೆಳಗ್ಗೆ, ಟಾರ್ಚು ಹಿಡಿದು ಮೈ ನೋಡಬೇಕು. ಮೂಳೆ ಉಬ್ಬಿರುವ ಎಂಟು ಜಾಗಗಳಲ್ಲಿ ಬೆರಳೊತ್ತಿ, ಹತ್ತು ಎಣಿಸುವುದರೊಳಗೆ ಚರ್ಮದ ಬಣ್ಣ ಮರಳುತ್ತದೆಯೇ ಎಂದು ಪರೀಕ್ಷಿಸಬೇಕು. ಸೊಂಟ, ಬೆನ್ನಿನ ಕೊನೆ, ಮಂಡಿ, ಹಿಮ್ಮಡಿ, ಹೀಗೆ. "ಇವರಿಗೆ ನೋವು ಗೊತ್ತಾಗಲ್ಲ. ಇವರ ನೋವನ್ನ ನೀವು ಕಣ್ಣಲ್ಲಿ ನೋಡ್ಬೇಕು," ಎಂದಿದ್ದಳು ನರ್ಸಮ್ಮ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ದಿನಕ್ಕೊಂದು ಸಾಲು, ಜಾಗಕ್ಕೊಂದು ಚೌಕದ ಮನೆ ಮಾಡಿ, ನೋಡಿದ ಮೇಲೆ ಗುರುತು ಹಾಕಿ ಎಂದು ಮಂಚದ ಪಕ್ಕದ ಮೊಳೆಗೆ ದಾರದಿಂದ ತೂಗುಹಾಕಿ ಹೋದಳು. ತಮ್ಮನ ಮುಖ ಆವತ್ತು ಸ್ವಲ್ಪ ಅರಳಿತು. ಮನೆಯಲ್ಲಿ ಎಲ್ಲವೂ ಅವನಿಗೆ ಹೊಸದು, ರಿಜಿಸ್ಟರು ಮಾತ್ರ ಗೊತ್ತಿದ್ದ ವಿಷಯ.

ಹಗಲೆಲ್ಲ ಅವಳನ್ನು ನೋಡಿಕೊಳ್ಳುವವಳು ನಾನು. ಮಷೀನನ್ನೇ ಕೆಳಗೆ ತಂದಿಟ್ಟುಕೊಂಡಿದ್ದೆ. ಉಣಿಸುತ್ತಿದ್ದೆ, ಮಗ್ಗುಲು ಬದಲಿಸುತ್ತಿದ್ದೆ, ಬೈಯುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಆದರೆ ಸೊಂಟದ ಕೆಳಗಿನ ಬಟ್ಟೆ ಸರಿಸಲು ಅವಳು ಬಿಡುತ್ತಿರಲಿಲ್ಲ. ಕಾಲು ಮುಟ್ಟಲಂತೂ ಬಿಲ್‌ಕುಲ್ ಬಿಡುತ್ತಿರಲಿಲ್ಲ. "ನೀವು ದೊಡ್ಡವರು ಅತ್ತಿಗೆ, ನನ್ನ ಕಾಲು ಹಿಡೀಬೇಡಿ, ನಾಚಿಕೆಯಾಗುತ್ತೆ. ಅವರು ಬೆಳಗ್ಗೆ ನೋಡ್ತಾರಲ್ಲ." ನಾನೂ ಬಿಗುಮಾನದವಳು, ಬೇಡವೆಂದರೆ ಬೇಡ ಎಂದು ಬಿಟ್ಟೆ. ಹಾಗಾಗಿ ಆ ಕಾಲುಗಳನ್ನು ಇಡೀ ದಿನದಲ್ಲಿ ಒಬ್ಬ ಮನುಷ್ಯ, ಒಂದು ಸಲ, ಇಪ್ಪತ್ತು ನಿಮಿಷ ನೋಡುತ್ತಿದ್ದ.

ಮೊದಲ ಏಳೆಂಟು ತಿಂಗಳು ತಮ್ಮ ಹಲ್ಲು ಕಚ್ಚಿ ಎಲ್ಲ ಮಾಡಿದ. ಆಮೇಲೆ ಕೋಪ ಹೊರಗೆ ಬರತೊಡಗಿತು. ಲೋಟ ಕುಕ್ಕುವುದು, ಬಾಗಿಲನ್ನು ದಢಾರನೆ ಹಾಕುವುದು. ಒಂದು ಬೆಳಗ್ಗೆ ಚಾದರ ಬದಲಿಸುವಾಗ ಅದು ಅವಳ ಮೈ ಕೆಳಗೆ ಸಿಕ್ಕಿಕೊಂಡಿತಂತೆ. ಮೆಲ್ಲನೆ ಬಿಡಿಸುವುದು ಬಿಟ್ಟು ಎರಡೂ ಕೈಯಲ್ಲಿ ಜಗ್ಗಿದ. ಅವಳು ಅರ್ಧ ಮೈ ಮಂಚದಿಂದ ಜಾರಿ, ತಲೆ ಕುರ್ಚಿಗೆ ಬಡಿಯಿತು. ಸದ್ದು ಕೇಳಿ ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವಳನ್ನು ಎತ್ತಿ ಮಲಗಿಸಿ, ಚಪ್ಪಲಿಯಲ್ಲೇ ಬೀದಿಗೆ ಓಡಿಬಿಟ್ಟಿದ್ದ. ಅವಳ ಹಣೆ ಊದಿತ್ತು.  ಇವತ್ತು ಚಾದರ, ನಾಳೆ ಏನೋ ಎಂದು ನಿಜವಾಗಿಯೂ ಹೆದರಿದೆ.

ಅರ್ಧ ಗಂಟೆ ಕಳೆದು ಬಂದ. ಅಂಗಿ ಬೆನ್ನಿಗೆ ಅಂಟಿತ್ತು, ಏದುಸಿರು ಬಿಡುತ್ತಿದ್ದ. ಮುಖ ಮಾತ್ರ ಎಷ್ಟೋ ತಿಂಗಳಿಂದ ನಾನು ನೋಡದ ಮುಖವಾಗಿತ್ತು. ಮಂಚದ ಪಕ್ಕ ಕೂತು ಅವಳ ಹಣೆ ಸವರಿದ. ಕ್ಷಮಿಸು ಗಿಮಿಸು ಏನೂ ಇಲ್ಲ. "ಟ್ಯಾಂಕಿನ ಹತ್ರ ಹೊಸದಾಗಿ ದೀಪದ ಕಂಬ ಹಾಕಿದಾರೆ ಕಣೆ," ಅಂದ.

"ಟ್ಯಾಂಕ್ ತನಕ ಓಡಿದ್ರಾ?"

"ಓಡಿದೆ."

"ಆಮೇಲೆ ಏನೇನಿತ್ತು?"

ಹೇಳಿದ. ಎಲ್ಲ ಕೇಳಿಕೊಂಡು, "ನಾಳೆನೂ ಹೋಗ್ಬನ್ನಿ," ಅಂದಳು.

ನನಗೆ ಮೈ ಉರಿಯಿತು. "ಇಲ್ಲಿ ಕೆಲಸ ರಾಶಿ ಬಿದ್ದಿದೆ, ಇವನು ದಿನಾ ಓಡೋಕೆ ಹೋಗ್ತಾನಂತೆ. ಯಾವ ಕಪ್ ಗೆಲ್ಲೋಕೆ?" ಎಂದೆ.

"ಹೋಗ್ಲಿ ಬಿಡಿ ಅತ್ತಿಗೆ. ಓಡಿ ಬಂದ್ರೆ ನನ್ನ ಗಂಡ ಮನೆಗೆ ಬರ್ತಾರೆ. ಓಡದಿದ್ರೆ ಪಂಪ್‌ಹೌಸಿನ ಆಪರೇಟರ್ ಬರ್ತಾರೆ," ಅಂದಳು ಅವಳು.

ಮಾತೇನೋ ಸರಿ, ಹೊತ್ತು ಎಲ್ಲಿದೆ? ಐದಕ್ಕೆ ಏಳುತ್ತಿದ್ದ. ಅವಳನ್ನು ತಿರುಗಿಸಿ, ಒರೆಸಿ, ಬಟ್ಟೆ ಬದಲಿಸಿ ಮುಗಿಸುವಷ್ಟರಲ್ಲಿ ಐದೂವರೆ. ಟಾರ್ಚು ಹಿಡಿದು ಮೈ ನೋಡಿ ಎಣ್ಣೆ ಹಚ್ಚಲು ಇಪ್ಪತ್ತು ನಿಮಿಷ. ಆಮೇಲೆ ಗಡ್ಡ, ಸ್ನಾನ, ಚಹಾ. ಆರೂಕಾಲಿಗೆ ಸೈಕಲ್ ಹತ್ತದಿದ್ದರೆ ಪಾಳಿ ತಪ್ಪಿತು. ಮಧ್ಯಾಹ್ನ ಮೂರಕ್ಕೆ ಬಂದರೆ ಅಡುಗೆ, ಒಗೆತ, ಔಷಧಿ ಅಂಗಡಿ. ಆ ಹೊತ್ತಿಗೆ ನನ್ನ ಮಂಡಿ ಕೈಕೊಟ್ಟು ನಾನು ಮೇಲೆ ಹೋಗಿ ಬಿದ್ದುಕೊಂಡಿರುತ್ತಿದ್ದೆ, ಅವಳೊಬ್ಬಳನ್ನೇ ಬಿಟ್ಟು ಹೋಗುವಂತಿರಲಿಲ್ಲ. ಇನ್ನೂ ಬೇಗ ಏಳು ಎಂದೆ. ನಾಲ್ಕೂವರೆಗೆ ಎದ್ದ. ರಾತ್ರಿ ಎರಡು ಸಲ ಏಳುವವನು ಅವನು. ಒಂದೇ ವಾರದಲ್ಲಿ ಪಂಪ್‌ಹೌಸಿನ ಕುರ್ಚಿಯಲ್ಲಿ ನಿದ್ದೆ ಹೋಗಿ ಕೆಳಗೆ ಬಿದ್ದ.

ಮೊದಲು ಗಡ್ಡ ಬಿಟ್ಟ. ಗಡ್ಡ ಬೆಳೆಯಿತು, ಹತ್ತು ನಿಮಿಷ ಉಳಿಯಿತು. ಸ್ನಾನವನ್ನು ಪಂಪ್‌ಹೌಸಿನಲ್ಲೇ ಮಾಡತೊಡಗಿದ. ಊರಿಗೇ ನೀರು ಬಿಡುವವನಿಗೆ ಒಂದು ಬಕೆಟ್ಟಿಗೇನು ಬರ? ಚಹಾವನ್ನು ನಿಂತೇ ಕುಡಿದು ಬಾಯಿ ಸುಟ್ಟುಕೊಂಡ. ಹೀಗೆ ಐದು ಐವತ್ತರಿಂದ ಆರು ಹತ್ತರವರೆಗೆ ಇಪ್ಪತ್ತು ನಿಮಿಷ ಸಿಕ್ಕಿತು. ಟ್ಯಾಂಕಿಗೆ ಹೋಗಿ ಬರಲು ಅಷ್ಟು ಸಾಕು. ಅವನು ಹೊರಟಾಗ ಗೇಟಿನ ಚಿಲಕ ಸದ್ದಾಗುತ್ತಿತ್ತು, ಮೇಲೆ ಮಲಗಿದ ನನಗೆ ಅದೇ ಗಡಿಯಾರ.

ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ, ಇಲ್ಲವೆನ್ನಲಾರೆ. ಲೋಟ ಕುಕ್ಕುವುದು ನಿಂತಿತು. ಬಂದವನು ಐದು ನಿಮಿಷ ಅವಳ ಪಕ್ಕ ಕೂತು ದಾರಿಯ ಕಥೆ ಹೇಳುತ್ತಿದ್ದ. ಬ್ರೆಡ್ಡಿನ ವ್ಯಾನಿನವನು ದಿನಾ ಎಂಜಿನ್ ಬಂದ್ ಮಾಡಿ ಇಳಿಜಾರಿನಲ್ಲಿ ಬರುವುದು, ಮೂಲೆಮನೆಯ ನಾಯಿ ತನ್ನ ಗಡಿಯವರೆಗೆ ಜೊತೆಗೆ ಓಡಿ ಅಲ್ಲಿ ಗಕ್ಕನೆ ನಿಲ್ಲುವುದು, ಬ್ಯಾಂಕಿನ ಕಾವಲುಗಾರ ಕೂತಲ್ಲೇ ಗೊರಕೆ ಹೊಡೆಯುವುದು. ಜನ್ಮದಲ್ಲಿ ಇಷ್ಟು ಮಾತಾಡಿದವನಲ್ಲ. ಅವಳು ಒಂದನ್ನೂ ಬಿಡದೆ ಕೇಳುತ್ತಿದ್ದಳು, ಮಾರನೆಯ ದಿನ ನಾಯಿಯ ಕ್ಷೇಮಸಮಾಚಾರ ವಿಚಾರಿಸುತ್ತಿದ್ದಳು. ಬೆಳಗ್ಗೆ ಆರು ಹತ್ತಕ್ಕೆ ಇಬ್ಬರೂ ನಗುವುದು ಮೇಲಕ್ಕೆ ಕೇಳಿಸುತ್ತಿತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಟ್ಯಾಂಕಿನವರೆಗೆ ಹೋಗುತ್ತಿದ್ದವನಿಗೆ ಆಮೇಲೆ ಟ್ಯಾಂಕು ಸಾಲದಾಯಿತು. ಸೇತುವೆ ಬೇಕಾಯಿತು. ಅವಳಿಗೂ ಬೇಕಾಯಿತು. "ಸೇತುವೆ ಕೆಳಗೆ ಈಗ ನೀರಿದ್ಯಾ ನೋಡ್ಕೊಂಡು ಬನ್ನಿ," ಎಂದು ಕಳಿಸಿದವಳು ಅವಳೇ. ಸೇತುವೆಗೆ ಹೋಗಿ ಬರಲು ನಲವತ್ತು ನಿಮಿಷ. ಗಡ್ಡ, ಸ್ನಾನ, ಚಹಾ ಎಲ್ಲ ಮೊದಲೇ ಖರ್ಚಾಗಿತ್ತು. ಉಳಿದದ್ದು ಟಾರ್ಚಿನ ಇಪ್ಪತ್ತು ನಿಮಿಷ.

ಆಗ ಅವನು ತನಗೆ ಗೊತ್ತಿದ್ದ ಕೆಲಸ ಮಾಡಿದ. ಒಂದು ದಿನ ನೋಡಿ ಎರಡು ದಿನದ ಗುರುತು ಹಾಕಿದ. ಏನೂ ಆಗಲಿಲ್ಲ. ವಾರಕ್ಕೊಂದು ಸಲ ನೋಡಿ ವಾರದ ಗುರುತು ಹಾಕಿದ. ಆಗಲೂ ಏನೂ ಆಗಲಿಲ್ಲ. ಕೊನೆಗೆ ಭಾನುವಾರ ಸಂಜೆ ಒಮ್ಮೆ ಕೂತು ಮುಂದಿನ ಭಾನುವಾರದವರೆಗೆ ಸಾಲುಸಾಲಾಗಿ ಹಾಕಿಬಿಡುತ್ತಿದ್ದ. ಮೋಸ ಮಾಡಬೇಕೆಂದಲ್ಲ. ಖಾಲಿ ಮನೆ ಕಂಡರೆ ಅವನ ಕೈ ತಡೆಯುತ್ತಿರಲಿಲ್ಲ, ಮತ್ತು ತುಂಬಿದ ಮನೆ ಕಂಡರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಮೋಟಾರಾದರೆ ಕೆಟ್ಟಾಗ ಸದ್ದು ಮಾಡುತ್ತದೆ. ಕಾಲು ಸದ್ದು ಮಾಡುವುದಿಲ್ಲ ಎಂದು ಅವನಿಗೆ ಹೊಳೆಯಲಿಲ್ಲ.

ನನಗೆ ಹೊಳೆಯಬೇಕಿತ್ತು. ಐದು ಐವತ್ತಕ್ಕೆ ಸದ್ದಾಗಬೇಕಾದ ಚಿಲಕ ಐದೂವರೆಗೇ ಸದ್ದಾಗತೊಡಗಿದ್ದನ್ನು ನಾನು ದಿನಾ ಕೇಳಿದ್ದೇನೆ. ಕೈ ಪಳಗಿದೆ, ಬೇಗ ಮುಗಿಸುತ್ತಾನೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಇಲ್ಲವೆಂದುಕೊಂಡಿದ್ದರೆ ಎದ್ದು ಕೆಳಗೆ ಹೋಗಬೇಕಾಗುತ್ತಿತ್ತು, ಹಾಸಿಗೆ ಬೆಚ್ಚಗಿತ್ತು.

ಚಳಿಗಾಲ ಬಂತು. ಅವಳ ಪಾದ ಮಂಜುಗಡ್ಡೆಯ ಹಾಗಿದೆ ಎಂದು ತಮ್ಮ ಹೇಳಿದ. ನಾನೇ ಅಂಗಡಿಗೆ ಹೋಗಿ ದಪ್ಪ ಉಣ್ಣೆಯ ಕಾಲುಚೀಲ ತಂದುಕೊಟ್ಟೆ. ಅವನೇ ಹಾಕಿದ. ಅದೇ ದಿನಗಳಲ್ಲಿ ಅವನ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತ್ತು. ಅವಳ ಮಂಚದ ಕೊನೆಯಲ್ಲಿ, ಅವಳ ಪಾದದ ಪಕ್ಕದಲ್ಲೇ ಕೂತು, ಬೊಕ್ಕೆಗೆ ಮುಲಾಮು ಹಚ್ಚಿ, ಅಂಚು ಏಳದ ಹಾಗೆ ಪಟ್ಟಿ ಅಂಟಿಸಿ, ಊದಿ ನೋಡಿಕೊಳ್ಳುತ್ತಿದ್ದ. ಆಗ ನಾನು ಅಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದೆ. ಈಗ ಅದನ್ನು ನೆನೆಸಿಕೊಂಡರೆ ಅವನ ಕೆನ್ನೆಗೂ ನನ್ನ ಕೆನ್ನೆಗೂ ಎರಡೆರಡು ಬಾರಿಸೋಣ ಅನ್ನಿಸುತ್ತದೆ.

ನರ್ಸಮ್ಮ ಬಂದದ್ದು ಒಂದು ಗುರುವಾರ ಮಧ್ಯಾಹ್ನ. ತಮ್ಮ ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ. ಒಳಗೆ ಬಂದವಳೇ ಮೂಗು ಎಳೆದಳು. "ಏನು ವಾಸನೆ ಇದು?" ಅಂದಳು. ನನಗೆ ಎರಡು ವಾರದಿಂದ ನೆಗಡಿ, ಏನೂ ತಿಳಿದಿರಲಿಲ್ಲ. ಮಂಚದಲ್ಲಿದ್ದವಳು ಗೋಡೆಯ ಕಡೆ ಮುಖ ತಿರುಗಿಸಿದಳು. ನರ್ಸಮ್ಮ ಎಡಗಾಲಿನ ಚೀಲ ಎಳೆದಳು. ಅದು ಬರಲಿಲ್ಲ. ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ, ಕತ್ತರಿಯಿಂದ ಕತ್ತರಿಸಿ ತೆಗೆದಳು. ಹಿಮ್ಮಡಿ ಇರಬೇಕಾದ ಜಾಗ ಕಪ್ಪಗಾಗಿತ್ತು, ಅಂಚಿನಲ್ಲಿ ಕೀವು ಜಿನುಗುತ್ತಿತ್ತು. 

ನರ್ಸಮ್ಮ ಕೈ ಒರೆಸಿಕೊಂಡು ಗೋಡೆಯ ನೋಟ್‌ಬುಕ್ ತೆಗೆದಳು. ಬೆರಳಿಟ್ಟು ಸಾಲು ಸಾಲು ನೋಡಿದಳು. ಒಂದು ಮನೆಯೂ ಖಾಲಿ ಇರಲಿಲ್ಲ. ಬೆರಳು ಒಂದು ಕಡೆ ನಿಂತಿತು.

"ಇವತ್ತು ಯಾವ ವಾರ?"

"ಗುರುವಾರ," ಅಂದ ತಮ್ಮ.

"ಭಾನುವಾರ ಇವರ ಹಿಮ್ಮಡಿ ಚೆನ್ನಾಗಿರುತ್ತೆ ಅಂತ ಬರೆದಿದೀರಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ತಮ್ಮ ನೋಟ್‌ಬುಕ್ಕಿನ ಕಡೆಯೂ ನೋಡಲಿಲ್ಲ, ಹೆಂಡತಿಯ ಕಡೆಯೂ ನೋಡಲಿಲ್ಲ. ಬಾಗಿಲಿಗೆ ಒರಗಿದ್ದವನು ಹಾಗೇ ಕುಸಿದು ಕೂತ. ನಾನು ಬೈಯಲು ಬಾಯಿ ತೆರೆದೆ. ಚಿಲಕದ ಸದ್ದು ನೆನಪಾಗಿ ಬಾಯಿ ತಾನೇ ಮುಚ್ಚಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಮೂಳೆಗೆ ಇಳಿದಿದೆ, ಸಕ್ಕರೆ ಬೇರೆ ಇದೆ, ಮಂಡಿಯ ಕೆಳಗೆ ಕಾಲು ತೆಗೆಯಬೇಕು, ತಡಮಾಡಿದರೆ ಜೀವಕ್ಕೆ ಅಪಾಯ. "ಹೇಗೂ ಅವರು ನಡೆಯೋದಿಲ್ವಲ್ಲ, ಅಷ್ಟೇನೂ ವ್ಯತ್ಯಾಸ ಆಗಲ್ಲ," ಎಂದು ಸಮಾಧಾನದ ಮಾತನ್ನೂ ಹೇಳಿದ. ಅವನ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ತೆಗೆದು ಅವನಿಗೇ ಎಸೆಯಬೇಕೆನ್ನಿಸಿತು. ಒಪ್ಪಿಗೆಯ ಕಾಗದಕ್ಕೆ ತಮ್ಮ ಸಹಿ ಹಾಕಿದ. ಸಹಿ ಗೆರೆಯಿಂದ ಕೆಳಗೆ ಇಳಿದು ಎಲ್ಲೋ ಹೋಯಿತು. ಅವನ ಅಕ್ಷರ ಅಷ್ಟು ಕೆಟ್ಟದಾಗಿ ನಾನು ನೋಡಿದ್ದು ಅದೊಂದೇ ಸಲ.

ಕಾಲು ತೆಗೆದ ನಾಲ್ಕನೆಯ ದಿನ, ತಮ್ಮ ಔಷಧಿ ತರಲು ಹೋಗಿದ್ದಾಗ, ಅವಳು ನನ್ನ ಸೆರಗು ಹಿಡಿದು ಎಳೆದಳು.

"ವಾಸನೆ ನಂಗೆ ಹತ್ತು ದಿನದಿಂದ ಬರ್ತಿತ್ತು ಅತ್ತಿಗೆ."

"ಬಾಯಿ ಇರ್ಲಿಲ್ವೇನೆ ನಿಂಗೆ?" ಇಡೀ ವಾರ್ಡು ತಿರುಗಿ ನೋಡುವಷ್ಟು ಜೋರಾಗಿ ಕೇಳಿಬಿಟ್ಟೆ.

"ಹೇಳಿದ್ರೆ ಅವತ್ತೇ ಬೂಟು ಬಿಚ್ಚಿ ಎಸೀತಿದ್ರು. ಗುರುತು ಹಾಕಿಟ್ಟಿದ್ರೂ ದಿನಾ ಬೆಳಗ್ಗೆ ಟಾರ್ಚು ಹಿಡ್ಕೊಂಡು 'ನೋಡ್ಲಾ' ಅಂತಿದ್ರು. ನಾನೇ, ಬೇಡ, ಹೊತ್ತಾಯ್ತು, ಹೊರಡಿ ಅಂತಿದ್ದೆ. ಆ ಕಾಲು ನಂದು ಅಂತ ಅನ್ನಿಸ್ತಾನೇ ಇರ್ಲಿಲ್ಲ. ಇಲ್ಲದ ಕಾಲಿಗೋಸ್ಕರ ಇರೋ ಗಂಡನ್ನ ಯಾಕೆ ಕಳ್ಕೊಳ್ಲಿ ಅಂದ್ಕೊಂಡೆ. ಸ್ವಲ್ಪ ಗಾಯ ಆಗಿರುತ್ತೆ, ನರ್ಸಮ್ಮ ಬಂದಾಗ ಮುಲಾಮು ಹಚ್ತಾರೆ ಅಂದ್ಕೊಂಡೆ. ಇಷ್ಟಾಗುತ್ತೆ ಅಂತ ಗೊತ್ತಿರ್ಲಿಲ್ಲ ಅತ್ತಿಗೆ."

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಅವಳು ಚಾದರದ ಮೇಲೆ ಕೈಯಾಡಿಸುತ್ತ, ಕಾಲು ಎಲ್ಲಿ ಮುಗಿಯುತ್ತದೆ ಎಂದು ಹುಡುಕುತ್ತಿದ್ದಳು.

ಮನೆಗೆ ಬಂದ ಮೇಲೆ ತಮ್ಮ ಬೂಟನ್ನು ಮೆಟ್ಟಿಲ ಕೆಳಗಿನ ಗೂಡಿಗೆ ಎಸೆದ. ದಿನಕ್ಕೆ ನಾಲ್ಕು ಸಲ ಟಾರ್ಚು ಹಿಡಿದು ಮೈ ನೋಡತೊಡಗಿದ. ಬೆರಳೊತ್ತಿ ಗಟ್ಟಿಯಾಗಿ ಒಂದರಿಂದ ಹತ್ತು ಎಣಿಸುತ್ತಿದ್ದ. ಅದನ್ನು ಬಿಟ್ಟರೆ ಬಾಯಿಂದ ಬೇರೆ ಮಾತಿಲ್ಲ. ನೋಟ್‌ಬುಕ್ಕನ್ನು ಒಲೆಗೆ ಹಾಕಿದ. ಪಂಪ್‌ಹೌಸಿನಲ್ಲೂ ಗಂಟೆಗೊಮ್ಮೆ ಎದ್ದು ಹೋಗಿ ಮೀಟರು ನೋಡಿಯೇ ಬರೆಯುತ್ತಾನೆ, ಉಳಿದ ಪಾಳಿಯವರು ತಲೆ ಕೆಟ್ಟಿದೆ ಅನ್ನುತ್ತಾರೆ ಎಂದು ಯಾರೋ ಹೇಳಿದರು. ಮನೆಯಲ್ಲಿ ಅವಳನ್ನು ಎತ್ತುವುದು, ತಿರುಗಿಸುವುದು, ಒರೆಸುವುದು ಎಲ್ಲ ಚಾಚೂ ತಪ್ಪದೆ ಮಾಡುತ್ತಿದ್ದ, ಮುಖ ಮಾತ್ರ ನೋಡುತ್ತಿರಲಿಲ್ಲ. ಕೋಪ ಬಂದು ಒಂದು ಲೋಟವನ್ನಾದರೂ ಒಡೆಯಬಾರದೇ ಎಂದು ನಾನು ಕಾದೆ. ಅದೂ ಇಲ್ಲ. ಎರಡು ತಿಂಗಳು ಹೀಗೆ ನಡೆಯಿತು. ಅವಳು ತಿನ್ನುವುದು ಕಡಿಮೆಯಾಯಿತು. "ಕಾಲೂ ಹೋಯ್ತು, ಇವರೂ ಹೋದ್ರು," ಅಂದಳು ಒಂದು ದಿನ, ಹವಾಮಾನ ಹೇಳಿದ ಹಾಗೆ.

ಆಮೇಲೊಂದು ಸಂಜೆ ಅವಳೇ ನನ್ನನ್ನು ಕರೆದು ಕೂರಿಸಿಕೊಂಡಳು.

"ಅತ್ತಿಗೆ, ಬೆಳಗ್ಗೆ ಐದೂವರೆಗೆ ಇಳಿದು ಬರೋಕಾಗುತ್ತಾ? ನನ್ನ ಮೈ ನೀವು ನೋಡ್ತೀರಾ?"

ಕೇಳಿದವಳು ಎರಡು ವರ್ಷ ಪಾದ ಮುಟ್ಟಲು ಬಿಡದವಳು. "ಬರ್ತೀನಿ," ಎಂದೆ.

ಮಾರನೆಯ ಬೆಳಗ್ಗೆ ಇಳಿದು ಬಂದೆ. ತಮ್ಮ ಒರೆಸುವ ಕೆಲಸ ಮುಗಿಸಿ ಟಾರ್ಚು ತೆಗೆದುಕೊಳ್ಳುತ್ತಿದ್ದ. ಅವಳು, "ಅದನ್ನ ಅತ್ತಿಗೆ ಕೈಗೆ ಕೊಡಿ. ನೀವು ಹೋಗ್ಬನ್ನಿ," ಅಂದಳು.

"ಎಲ್ಲಿಗೆ?"

"ಸೇತುವೆಗೆ. ಇನ್ನೆಲ್ಲಿಗೆ?"

"ನಾನು ಎಲ್ಲಿಗೂ ಹೋಗಲ್ಲ."

"ನಿಮಗೋಸ್ಕರ ಹೋಗಿ ಅಂತ ನಾನು ಹೇಳಿದ್ನಾ? ಈ ಕೋಣೆ ಆಚೆಯ ಸುದ್ದಿ ಏನಾದ್ರೂ ನಾನು ಕೇಳಿ ಎರಡು ತಿಂಗಳಾಯ್ತು. ಹೋಗಿ ನೋಡ್ಕೊಂಡು ಬಂದು ಹೇಳಿ."

ಅವನು ನಿಂತೇ ಇದ್ದ. ನಾನು ಟಾರ್ಚು ಕಿತ್ತುಕೊಂಡು, "ಹೋಗೋ, ಕಲ್ಲಿನ ಹಾಗೆ ನಿಂತ್ಕೋಬೇಡ. ನಾನೇನು ಕುರುಡಿಯಾ? ನೋಡ್ತೀನಿ," ಎಂದು ಗದರಿದೆ. ಗೂಡಿನಿಂದ ಬೂಟು ತೆಗೆದ, ಧೂಳು ಝಾಡಿಸಿದ. ದಾರ ಕಟ್ಟಲು ತುಂಬ ಹೊತ್ತು ಹಿಡಿಯಿತು. ಚಿಲಕದ ಸದ್ದಾಯಿತು.

ನಾನು ಚಾದರ ಸರಿಸಿದೆ. ಅವಳು ಮುಖದ ಮೇಲೆ ತೋಳನ್ನು ಅಡ್ಡ ಇಟ್ಟುಕೊಂಡಳು. ಉಳಿದ ಒಂದು ಪಾದವನ್ನು ನಾನು ಮೊದಲ ಸಲ ಕೈಗೆತ್ತಿಕೊಂಡೆ. ಏನು ತೂಕ! ಏನೂ ತಿಳಿಯದ ಕಾಲು ಇಷ್ಟು ಭಾರವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಿಮ್ಮಡಿ ಒತ್ತಿದೆ, ಎಣಿಸಿದೆ, ಬಣ್ಣ ಬಂತು. ಮಂಡಿ, ಸೊಂಟ, ಎಲ್ಲ ನೋಡಿದೆ. ಹೊಲಿಗೆ ಹಾಕಿದ ಮೊಂಡು ಕಾಲನ್ನೂ ನೋಡಿದೆ.  ಎಣ್ಣೆ ಹಚ್ಚಿ, ದಿಂಬು ಕೊಟ್ಟು, ಕೊಳೆ ನೀರಿನ ಬೇಸಿನ್ ಹಿಡಿದು ಹಿತ್ತಲಿಗೆ ಹೋದೆ.

ತಮ್ಮ ಅಲ್ಲಿದ್ದ. ಮೆಟ್ಟಿಲ ಕೆಳಗೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ಗೇಟು ತೆರೆದು ಮುಚ್ಚಿದ್ದನೇ ಹೊರತು ಬೀದಿಗೆ ಕಾಲಿಟ್ಟಿರಲಿಲ್ಲ. ಮಂಡಿಯ ಮೇಲೆ ಎರಡು ಕೈ, ಕಣ್ಣು ಬೂಟಿನ ಮೇಲೆ. ನನ್ನನ್ನು ನೋಡಿ ಬೆರಳನ್ನು ತುಟಿಯ ಮೇಲಿಟ್ಟ. "ಆಗಲ್ಲ ಅಕ್ಕ. ಕಾಲು ಎತ್ತೋಕೇ ಬರಲ್ಲ," ಎಂದ, ಉಸಿರಿನಲ್ಲಿ. ನಾನು ನೀರನ್ನು ಗಿಡಕ್ಕೆ ಚೆಲ್ಲಿ ಒಳಗೆ ಬಂದುಬಿಟ್ಟೆ. 

ಆರು ಗಂಟೆ ದಾಟಿದ ಮೇಲೆ ಮತ್ತೆ ಚಿಲಕದ ಸದ್ದು. ಒಳಗೆ ಬಂದ. ತಲೆ ತೊಯ್ದಿತ್ತು, ಅಂಗಿ ಎದೆಗೂ ಬೆನ್ನಿಗೂ ಅಂಟಿತ್ತು. ಜೋರಾಗಿ ಉಸಿರು ಬಿಡುತ್ತ ಅವಳ ಪಕ್ಕ ಕೂತ.

"ಎಲ್ಲಿ ತನಕ ಹೋದ್ರಿ?"

"ಸೇತುವೆ ತನಕ."

"ನೀರಿತ್ತಾ?"

"ಇತ್ತು. ತುಂಬ ಇಲ್ಲ, ಮಂಡಿಯುದ್ದ. ಕೆಳಗೆ ಯಾರೋ ಇಬ್ಬರು ಬಲೆ ಹಾಕ್ತಿದ್ರು."

"ಏನಾದ್ರೂ ಸಿಕ್ತಾ ಅವರಿಗೆ?"

"ಸಿಕ್ತು. ಚಿಕ್ಕಚಿಕ್ಕದು. ಬೆಳ್ಳಗೆ ಹೊಳೀತಿತ್ತು." ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅವಳ ಮುಖ ನೋಡಿ ಮಾತಾಡುತ್ತಿದ್ದ. ಮೂಲೆಮನೆಯ ನಾಯಿ ಮರಿ ಹಾಕಿದೆ, ಮೂರು ಮರಿ ಎಂದ. ಒಂದು ಕರಿದು ಎಂದ. ಅವಳು ಕಣ್ಣರಳಿಸಿ ಕೇಳುತ್ತಿದ್ದಳು, ನಡುನಡುವೆ ಪ್ರಶ್ನೆ ಹಾಕುತ್ತಿದ್ದಳು, ಅವನು ಎಲ್ಲದಕ್ಕೂ ಉತ್ತರ ಕೊಡುತ್ತಿದ್ದ. ನನಗೆ ಅಲ್ಲಿ ನಿಲ್ಲಲಾಗದೆ ಅಡುಗೆಮನೆಗೆ ಹೋದೆ.

ಅವನು ಬಟ್ಟೆ ಬದಲಿಸಿ ಸೈಕಲ್ ಒರೆಸಲು ಹೊರಗೆ ಹೋದ ಮೇಲೆ ಅವಳು ನನ್ನನ್ನು ಕರೆದಳು. ಅವಳ ಮಂಚದ ತಲೆದೆಸೆಗೆ ಕಿಟಕಿ, ಕಿಟಕಿಯ ಆಚೆಗೆ ಹಿತ್ತಲು. ಅದು ನನಗೆ ಹೊಳೆದದ್ದೇ ಆಗ.

"ನಲ್ಲಿ ಬಿಟ್ಟು ತಲೆ ಮೇಲೆ ಸುರ್ಕೊಂಡಿದ್ದು ಕೇಳ್ಸಿತು ಅತ್ತಿಗೆ."

ನಾನು ಅವಳ ಮುಖ ನೋಡಲಾರದೆ ದಿಂಬು ಸರಿಮಾಡಿದೆ.

"ಗೊತ್ತಾಯ್ತು ಅಂತ ಅವರಿಗೆ ಹೇಳ್ಬೇಡಿ," ಅಂದಳು. "ಕೂತಲ್ಲೇ ಕೂತು ಅಷ್ಟು ದೂರ ಹೋಗಿ ಬಂದಿದಾರೆ, ಸುಸ್ತಾಗಿರುತ್ತೆ. ಒಂದು ಲೋಟ ಚಹಾ ಕೊಡಿ."